ಪರೀಕ್ಷಾ ಚಿತ್ರ ಒಂದು

ಟೈಲರಕ್ಕ ಗಂಡನ ಬಿಳಿ ಅಂಗಿಗೆ ಮೂರನೆಯ ಗುಂಡಿ ಹೊಲಿದು, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿಯಲು ಬಾಗಿದಳು. ಬಾಗಿದಾಗ ಶಾಲು ಜಾರಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಯಾರೋ ಉಸಿರೆಳೆದುಕೊಂಡ ಸದ್ದಾಯಿತು.

"ಅಯ್ಯೋ ದೇವರೇ, ನೀವೇನಾ!"

ತಲೆಯೆತ್ತಿ ನೋಡಿದರೆ ಗುರುತಿಲ್ಲದ ಎತ್ತರದ ಹೆಂಗಸು. ಕೈಯಲ್ಲಿ ಹೂವಿನ ಪೊಟ್ಟಣ. ಅವಳ ಹಿಂದೆ ಬಿಳಿ ಅಂಗಿಯ ವಯಸ್ಸಾದ ಗಂಡಸೊಬ್ಬ ಅವಳ ತೋಳನ್ನು ಜಗ್ಗುತ್ತಿದ್ದ.

"ನಾನೇ ಅಂದ್ರೆ? ಯಾರು ನಾನು?" ಎಂದಳು ಟೈಲರಕ್ಕ. ಕೈ ತಾನಾಗಿ ಶಾಲನ್ನು ಎಡಗೆನ್ನೆಗೆ ಎಳೆದುಕೊಂಡಿತು.

"ಪರೀಕ್ಷಾ ಚಿತ್ರ ಒಂದು! ಬಸ್ ಸ್ಟ್ಯಾಂಡಿನವರು! ನೀವು ನಿಜವಾಗ್ಲೂ ಇದ್ದೀರ ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ..."

"ಸುಮ್ನಿರಿ ಸ್ವಲ್ಪ," ಎಂದು ಬಿಳಿ ಅಂಗಿಯವನು ಹಲ್ಲು ಕಚ್ಚಿಕೊಂಡು ಹೇಳಿದ. ಆಮೇಲೆ ಕೈಮುಗಿದ. "ತಪ್ಪು ತಿಳ್ಕೋಬೇಡಿ. ನಾನು ಪೋಸ್ಟ್‌ಮ್ಯಾನ್ ಆಗಿದ್ದವನು, ಈಗ ರಿಟೈರ್ಡು. ಇವರು ಆಸ್ಪತ್ರೇಲಿ ಎಕ್ಸ್‌ರೇ ತೆಗೀತಾರೆ. ನಾವೆಲ್ಲ ನಿಮ್ಮ ಯಜಮಾನರ ವೆಬ್‌ಸೈಟ್ ಓದೋರು. ಅವರು ಹೋದ ಸುದ್ದಿ ಗೊತ್ತಾಯ್ತು, ಬಂದ್ವಿ."

ಮುಂದಿನ ಕೋಣೆಯಿಂದ ಮೈದುನನ ದನಿ ಬಂತು: "ಅತ್ತಿಗೇ, ಅಂಗಿ ಆಯ್ತಾ? ಅಣ್ಣಂಗೆ ಹಾಕ್ಬೇಕು. ಗಾಡಿ ನಾಲ್ಕಕ್ಕೆ ಬರುತ್ತೆ."

ಟೈಲರಕ್ಕ ಅಂಗಿಯನ್ನು ಮಡಚಿ ಮಗಳ ಕೈಗೆ ಕೊಟ್ಟಳು.  ಅವಳು ಕೊಟ್ಟು ಬಂದ ಮೇಲೆ ಕೋಣೆಯ ಬಾಗಿಲನ್ನು ಅರ್ಧ ಮುಚ್ಚಿ ಪೋಸ್ಟ್‌ಮ್ಯಾನ್‌ನನ್ನು ಕೇಳಿದಳು:

"ಯಾವ ಬಸ್ ಸ್ಟ್ಯಾಂಡು?"

ಪೋಸ್ಟ್‌ಮ್ಯಾನ್ ಎಕ್ಸ್‌ರೇ ಹೆಂಗಸಿನ ಮುಖ ನೋಡಿದ. ಅವಳು ಹೂವಿನ ಪೊಟ್ಟಣವನ್ನು ನೋಡಿದಳು. 

"ತೋರ್ಸಿ," ಎಂದಳು ಟೈಲರಕ್ಕ.

ಪೋಸ್ಟ್‌ಮ್ಯಾನ್ ಅಂಗಿಯ ಜೇಬಿನಿಂದ ಫೋನು ತೆಗೆದು, ಬೆರಳಿನಿಂದ ನಾಲ್ಕು ಸಲ ಉಜ್ಜಿ, ಅವಳ ಮುಂದೆ ಹಿಡಿದ.

ಅವಳೇ. ಹದಿನಾರು ವರ್ಷದ ಹಿಂದಿನ ಅವಳೇ. ಬಸ್ಸು ಬಂತೇ ಎಂದು ತಿರುಗಿದ ಮುಖ, ಗಾಳಿಗೆ ಹಾರಿದ ಕೂದಲು, ಕಣತಲೆಯಿಂದ ದವಡೆಯವರೆಗೆ ಅಂಗೈಯಗಲ ಹರಡಿದ ಹುಟ್ಟುಮಚ್ಚೆ. ಕೆಳಗೆ ಅದೇ ಮುಖ ಇನ್ನೊಂದು. ಅದರ ಕೆಳಗೆ ಮತ್ತೊಂದು. ಪೋಸ್ಟ್‌ಮ್ಯಾನ್‌ನ ಬೆರಳು ಸರಿಸಿದಷ್ಟೂ ಅವಳ ಎಡಗೆನ್ನೆ ಮುಗಿಯಲೇ ಇಲ್ಲ.

*

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧದಷ್ಟರ ಲಿಫ್ಟುಗಳು ಅವನ ಕೈಯಲ್ಲಿ ಎಣ್ಣೆ ಕುಡಿದವು. ಬೀದಿಯವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಹಗಲಿಡೀ ಕತ್ತಲ ಬಾವಿಯೊಳಗೆ ತಂತಿ ಹಿಡಿದು ಜೋತಾಡಿ ಬಂದವನು ಸಂಜೆ ಕೈ ತೊಳೆದು, ಹಿಂದಿನ ಕೋಣೆಯಲ್ಲಿ ತನ್ನ ಮೇಜಿಗೆ ಕೂರುತ್ತಿದ್ದ. ಕೋಣೆಯಲ್ಲಿ ಎರಡೇ ಮೇಜು. ಕಿಟಕಿಯ ಹತ್ತಿರದ್ದು ಅವಳ ಹೊಲಿಗೆ ಯಂತ್ರದ್ದು, ಗೋಡೆಯ ಹತ್ತಿರದ್ದು ಅವನ ಕಂಪ್ಯೂಟರಿನದು. ಅದರ ಸುತ್ತ ಯಾರೋ ಬಿಸಾಡಿದ ಸ್ಕ್ಯಾನರು, ಮುಚ್ಚಳವಿಲ್ಲದ ಪ್ರಿಂಟರು, ಕಡಿಮೆ ಬೆಲೆಗೆ ಸಿಕ್ಕ ಕ್ಯಾಮೆರಾಗಳು, ಯಾವುದಕ್ಕೆ ಸೇರಿದ್ದೆಂದು ಅವನಿಗೂ ನೆನಪಿಲ್ಲದ ವಯರುಗಳ ಗಂಟು.

ಕೊಂಡ ಪ್ರತಿಯೊಂದು ವಸ್ತುವಿನ ಬಗ್ಗೆ, ಹಾಕಿ ನೋಡಿದ ಪ್ರತಿಯೊಂದು ಫೋಟೋ ತಂತ್ರಾಂಶದ ಬಗ್ಗೆ ಅವನು ತನ್ನ ವೆಬ್‌ಸೈಟಿನಲ್ಲಿ ಬರೆಯುತ್ತಿದ್ದ. ಯಾವ ಗುಂಡಿ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಎಷ್ಟು ಹೊತ್ತು ಕಾಯಬೇಕು. ಅಷ್ಟೇ. ಅವಳು ಒಮ್ಮೆ ಇಣುಕಿ ನೋಡಿ, "ಲಿಫ್ಟ್ ರಿಪೇರಿ ರಿಜಿಸ್ಟರ್ ಇದ್ದ ಹಾಗಿದೆಯಲ್ರೀ," ಎಂದಿದ್ದಳು. "ಹಾಗೇ ಇರ್ಬೇಕು," ಎಂದಿದ್ದ ಅವನು, ಹೊಗಳಿದಳೆಂದು ತಿಳಿದು.

ಆದರೆ ಅವಳು ಎದ್ದು ಅತ್ತ ನಡೆದರೆ ಕೆಲವು ಸಲ ಪರದೆಯ ಮೇಲಿನದು ಥಟ್ಟನೆ ಮುಚ್ಚಿಹೋಗುತ್ತಿತ್ತು. ಮೊದಮೊದಲು ಅವಳು ಗಮನಿಸಲಿಲ್ಲ. ಆಮೇಲೆ ಗಮನಿಸಿಯೂ ಗಮನಿಸದವಳಂತೆ ಹೊಲಿದಳು. ಒಂದು ದಿನ ಮಗಳಿಗೆ ಫೋನಿನಲ್ಲಿ ಹೇಳಿಯೇಬಿಟ್ಟಳು: "ನಿಮ್ಮಪ್ಪನ ಡಬ್ಬದಲ್ಲಿ ಯಾವಳೋ ಇದ್ದಾಳೆ ಕಣೆ."

"ಅಪ್ಪಂಗಾ? ಅಪ್ಪ ಲಿಫ್ಟಲ್ಲಿ ಹೆಂಗಸರು ಹತ್ತಿದ್ರೆ ಮೆಟ್ಟಿಲು ಇಳಿದು ಬರ್ತಾರೆ," ಎಂದು ಮಗಳು ಬಿದ್ದುಬಿದ್ದು ನಕ್ಕಿದ್ದಳು.

ಆ ಫೋಟೋ ತೆಗೆದ ದಿನ ಅವಳಿಗೆ ಚೆನ್ನಾಗಿ ನೆನಪಿದೆ. ಯಾರಿಂದಲೋ ಕೊಂಡ ಮೊದಲ ಡಿಜಿಟಲ್ ಕ್ಯಾಮೆರಾ ಅವನ ಕುತ್ತಿಗೆಯಲ್ಲಿ ತೂಗುತ್ತಿತ್ತು. ಬಸ್ ನಿಲ್ದಾಣಕ್ಕೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮಾಡು. ಮಧ್ಯಾಹ್ನದ ಬಿಸಿಲಿಗೆ ಅದರಡಿ ನಿಂತವರೆಲ್ಲ ತುಕ್ಕು ಹಿಡಿದವರಂತೆ ಕಾಣುತ್ತಿದ್ದರು. ಅವನು ಕಂಬದ ಫೋಟೋ ತೆಗೆದ, ಬಸ್ಸಿನ ನಂಬರಿನ ಫೋಟೋ ತೆಗೆದ. ಅವಳು ತಿರುಗಿದ್ದೂ ಅವನು ಒತ್ತಿದ್ದೂ ಒಂದೇ ಗಳಿಗೆಯಲ್ಲಿ.

ಅವಳಿಗೆ ಜೀವ ಹೋದಂತಾಯಿತು. ಮದುವೆಯ ಫೋಟೋದಲ್ಲೂ ಅವಳು ಬಲಗೆನ್ನೆ ತೋರಿಸಿ ನಿಂತವಳು. ಬಟ್ಟೆ ಅಳತೆಗೆ ಬರುವವರನ್ನೂ ಬಲಗಡೆಯೇ ಕೂರಿಸುವವಳು.

"ಅಳಿಸಿ ಅದನ್ನ."

"ಚೆನ್ನಾಗಿ ಬಂದಿದೆ ಕಣೆ. ನೋಡು, ಕಂಬ ಎಷ್ಟು ನೆಟ್ಟಗೆ..."

"ಅಳಿಸಿ ಅಂದೆ."

ಅವನು ಅವಳ ಕಣ್ಣೆದುರಿಗೇ ಗುಂಡಿ ಒತ್ತಿದ. ಪುಟ್ಟ ಪರದೆ ಕಪ್ಪಾಯಿತು. ಬಸ್ಸು ಬಂತು. ಅಲ್ಲಿಗೆ ಮುಗಿಯಿತೆಂದು ಹದಿನಾರು ವರ್ಷ ನಂಬಿಕೊಂಡಿದ್ದಳು.

*

"ಅಳಿಸ್ಬೇಕು," ಎಂದಳು ಟೈಲರಕ್ಕ. "ಎಲ್ಲಾನೂ. ಈಗ್ಲೇ."

ಮಗಳು ಅಪ್ಪನ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ತೆರೆದಿದ್ದಳು. ಅವನು ಯಾವತ್ತೂ ಅದನ್ನು ಪೂರ್ತಿ ಆರಿಸಿದವನಲ್ಲ. ಮೌಸು ಅಲ್ಲಾಡಿಸಿದರೆ ಸಾಕು, ನಿನ್ನೆ ಮುಂಜಾನೆ ಅವನು ಎದ್ದುಹೋದ ಜಾಗಕ್ಕೇ ಬಂದು ನಿಂತಿತು. ಎದ್ದುಹೋದವನು ಅಡುಗೆಮನೆಯ ಬಾಗಿಲು ದಾಟಲಿಲ್ಲ. ವೈದ್ಯರು ಬಂದು ಹೃದಯ ಎಂದರು.

"ಅಮ್ಮ, ಇವತ್ತೇ ಆಗ್ಬೇಕಾ? ಹೊರಗೆ ಜನ ಇದ್ದಾರೆ. ನಾಳೆ ಕೂತು..."

"ಅವರು ಮನೇಲಿರೋವಾಗ್ಲೇ ಆಗ್ಬೇಕು. ಗಾಡಿ ಹತ್ತಿದ ಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ?"

ಮಗಳು ಪರದೆಯ ಕಡೆ ತಿರುಗಿದಳು. ಪೋಸ್ಟ್‌ಮ್ಯಾನ್ ಗಂಟಲು ಸರಿಮಾಡಿಕೊಂಡ.

"ಅಕ್ಕ, ನಾನು ಹೇಳೋದು ಸರಿಯಲ್ಲ. ಆದ್ರೂ... ನೂರ ನಲವತ್ಮೂರು ಪರೀಕ್ಷೆ ಇವೆ. ಫೋಟೋ ಸಾಫ್ಟ್‌ವೇರ್ ಒಂದೊಂದನ್ನೂ ಇದೇ ಚಿತ್ರದ ಮೇಲೆ ಹಾಕಿ ನೋಡಿದ್ದಾರೆ. ನಾವು ಏನು ತಗೊಳ್ಳೋದಿದ್ರೂ ಮೊದ್ಲು ಇಲ್ಲಿ ಪಾಸೋ ಫೇಲೋ ನೋಡ್ತೀವಿ. ಅಷ್ಟು ನಂಬಿಕೆ."

"ನಿಮ್ಮ ನಂಬಿಕೆಗೆ ನನ್ನ ಕೆನ್ನೇನೇ ಬೇಕಿತ್ತಾ?"

"ಅದೂ ನಿಜವೇ," ಎಂದ ಪೋಸ್ಟ್‌ಮ್ಯಾನ್, ಸಣ್ಣಗೆ.

"ಮೊದ್ಲನೇದು ತೆಗಿ," ಎಂದಳು ಅವಳು ಮಗಳಿಗೆ. "ಏನು ಬರ್ದಿದ್ದಾರೆ ಓದು. ಕೇಳಿಸ್ಕೊಂಡೇ ಅಳಿಸ್ತೀನಿ."

ಮಗಳು ಓದಿದಳು. "ಪರೀಕ್ಷೆ ಒಂದು. ಅಳಿಸಿದ ಫೋಟೋಗಳನ್ನು ಕ್ಯಾಮೆರಾ ಕಾರ್ಡಿನಿಂದ ಮರಳಿ ತೆಗೆಯುವ ತಂತ್ರಾಂಶ. ಕಾರ್ಡಿನಲ್ಲಿ ಹದಿನಾಲ್ಕು ಅಳಿಸಿದ ಚಿತ್ರಗಳಿದ್ದವು. ಹದಿಮೂರು ಅರ್ಧಂಬರ್ಧ ಬಂದವು. ಒಂದು ಮಾತ್ರ ಪೂರ್ತಿ ಬಂತು. ನಾನು ಅದನ್ನು ಅಳಿಸಿದ್ದು ನಿಜ. ಬಂದಿದ್ದೂ ನಿಜ. ಪಾಸ್."

"ಕಳ್ಳ," ಎಂದಳು ಟೈಲರಕ್ಕ.

"ಪರೀಕ್ಷೆ ಎಂಟು. ಕಂಬ ನೆಟ್ಟಗಿದೆ. ಹಣೆಯ ಬೆವರು ಸರಿಯಾಗಿದೆ. ನೆರಳಿನಲ್ಲಿ ಕೂದಲು ಎಣಿಸಬಹುದು. ಆದರೆ ಕೆನ್ನೆಯನ್ನು ಕಲೆ ಎಂದು ತಿಳಿದು ತಾನಾಗಿ ಒರೆಸಿಹಾಕಿದೆ. ಕೇಳದೆ ಒರೆಸುವ ಯಾವುದನ್ನೂ ನಾನು ಶಿಫಾರಸು ಮಾಡುವುದಿಲ್ಲ. ಫೇಲ್."

ಹನ್ನೊಂದು, ಫೇಲ್. ಹತ್ತೊಂಬತ್ತು, ಫೇಲ್. ಮೂವತ್ತಾರನೆಯದು ಇಪ್ಪತ್ತು ನಿಮಿಷ ತೆಗೆದುಕೊಂಡು ಅವಳನ್ನು ಬೊಂಬೆ ಮಾಡಿಟ್ಟಿತ್ತು. "ಇದನ್ನು ಮಾಡಿದವರು ಮನುಷ್ಯರ ಮುಖ ನೋಡಿಲ್ಲ," ಎಂದು ಬರೆದಿದ್ದ. ಅವಳ ಬಗ್ಗೆ, ಹೆಂಡತಿ ಎಂದಾಗಲಿ ಚೆಂದ ಎಂದಾಗಲಿ, ಎಲ್ಲೂ ಒಂದು ಪದವಿರಲಿಲ್ಲ. ಕಂಬ, ಬೆವರು, ಕೂದಲು, ಕೆನ್ನೆ. ಪಾಸ್, ಫೇಲ್.

ಎಕ್ಸ್‌ರೇ ಹೆಂಗಸು ಮೆಲ್ಲಗೆ, "ಕೆಳಗೆ ಓದುಗರ ಮಾತೂ ಇದೆ ನೋಡಿ," ಎಂದಳು.

ಮಗಳು ಕೆಳಗೆ ಸರಿಸಿದಳು. ಯಾರೋ ಕೇಳಿದ್ದರು: ಈ ಹೆಂಗಸು ಯಾರು? ಅವನು ಉತ್ತರಿಸಿದ್ದ: ನನ್ನ ಪಕ್ಕದ ಮೇಜಿನವರು.

ಟೈಲರಕ್ಕನ ಮೂಗಿನಿಂದ ಒಂದು ಸದ್ದು ಹೊರಟಿತು. ನಗುವೋ ಏನೋ, ಮಗಳಿಗೆ ತಿಳಿಯಲಿಲ್ಲ.

ಒಂಬತ್ತು ವರ್ಷದ ಹಿಂದೆ ಇನ್ನೊಬ್ಬರು ಕೇಳಿದ್ದರು: ಇವರ ಮುಖ ಹಾಕಲು ಇವರ ಒಪ್ಪಿಗೆ ಇದೆಯೇ? ಅದಕ್ಕೆ ಅವನು ಹನ್ನೊಂದು ದಿನ ತೆಗೆದುಕೊಂಡು ಉತ್ತರಿಸಿದ್ದ: ಇಲ್ಲ. ಕೇಳಬೇಕು.

"ಅದು ನಾನು ಕೇಳಿದ್ದು," ಎಂದ ಪೋಸ್ಟ್‌ಮ್ಯಾನ್. "ಆಮೇಲೆ ವರ್ಷಕ್ಕೊಂದು ಸಲ ಜ್ಞಾಪಿಸ್ತಿದ್ದೆ."

ಜ್ಞಾಪಿಸಿದ್ದು ಸಾಲಾಗಿ ಇತ್ತು. ಕೇಳಿದಿರಾ? ಇನ್ನೂ ಇಲ್ಲ. ಕೇಳಿದಿರಾ? ಈ ವಾರ ಕೇಳುತ್ತೇನೆ. ಕೇಳಿದಿರಾ? ಸಮಯ ನೋಡುತ್ತಿದ್ದೇನೆ. ಕೊನೆಯದು ಎರಡು ತಿಂಗಳ ಹಿಂದಿನದು. ಮಗಳು ಅದನ್ನೂ ಓದಿದಳು: "ಮಾತು ಬಾಯಿಯವರೆಗೆ ಬರುತ್ತದೆ. ಅವರು ತಲೆಯೆತ್ತಿದ ಕೂಡಲೇ ಸ್ಕ್ರೂ ಬಗ್ಗೆ ಕೇಳಿ ಸುಮ್ಮನಾಗುತ್ತೇನೆ."

*

ಹೊಲಿಗೆ ಯಂತ್ರ ನಿಂತಾಗೆಲ್ಲ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಒಂದು ಮಾತು ಕೇಳ್ಬೇಕಿತ್ತು."

"ಕೇಳಿ."

"ಅದೇ... ಇಲ್ಲೊಂದು ಸಣ್ಣ ಸ್ಕ್ರೂ ಇತ್ತು. ನೋಡಿದ್ಯಾ?"

"ನಿಮ್ಮ ಸ್ಕ್ರೂ ಕಾಯೋಕೆ ನಾನು ಕೂತಿರೋದಾ?"

"ಇಲ್ಲ ಇಲ್ಲ. ಸಿಗುತ್ತೆ ಬಿಡು."

ವಾರಕ್ಕೊಂದು ಸಲವಾದರೂ ಅವನ ಸ್ಕ್ರೂ ಕಳೆಯುತ್ತಿತ್ತು. ಈ ಮನುಷ್ಯನಿಗೆ ವಯಸ್ಸಾಯಿತು, ಕೈ ನಿಲ್ಲುವುದಿಲ್ಲ ಎಂದುಕೊಂಡು, ಅವಳು ಒಂದು ದಿನ ಗುಂಡಿಗಳನ್ನು ಹಾಕಿಡುವಂಥ ಮುಚ್ಚಳದ ಡಬ್ಬಿಯೊಂದನ್ನು ತಂದು ಅವನ ಮೇಜಿನ ಮೇಲಿಟ್ಟಳು. ಅವನು ಅದನ್ನು ಬಹಳ ಹೊತ್ತು ನೋಡಿ, "ಒಳ್ಳೇ ಡಬ್ಬಿ," ಎಂದ.

*

ಟೈಲರಕ್ಕ ಎದ್ದು ಮುಂದಿನ ಕೋಣೆಗೆ ಹೋದಳು. ಅವನನ್ನು ಮಲಗಿಸಿದ್ದ ಪೆಟ್ಟಿಗೆಯ ಸುತ್ತ ಕೂತಿದ್ದವರು ಜಾಗ ಬಿಟ್ಟರು. ಬಿಳಿ ಅಂಗಿಯ ಗುಂಡಿಗಳೆಲ್ಲ ಸರಿಯಾಗಿ ಕೂತಿದ್ದವು. ಅವಳು ಬಗ್ಗಿ ಅವನ ಕಿವಿಯ ಹತ್ತಿರ, ಬೇರೆಯವರಿಗೆ ಕೇಳದ ಹಾಗೆ, ಆದರೆ ಮೆತ್ತಗಲ್ಲದ ದನಿಯಲ್ಲಿ ಹೇಳಿದಳು:

"ಒಂಬತ್ತು ವರ್ಷ. ಒಂದೇ ಕೋಣೆ. ಬಾಯಿ ಬಿಟ್ಟು ಕೇಳೋಕೆ ಆಗ್ಲಿಲ್ವಾ ನಿಮಗೆ?"

ಮೈದುನ ಬಂದು ಅವಳ ಭುಜ ಮುಟ್ಟಿದ. ಅಳುತ್ತಿದ್ದಾಳೆ ಎಂದುಕೊಂಡಿದ್ದ. "ಸಮಾಧಾನ ಮಾಡ್ಕೊಳ್ಳಿ ಅತ್ತಿಗೆ. ಎರಡು ಗಂಟೆ ಆಯ್ತು."

"ಸಮಾಧಾನ ಆಮೇಲೆ. ಕೆಲ್ಸ ಇದೆ," ಎಂದು ಅವಳು ಹಿಂದಕ್ಕೆ ಬಂದಳು.

ಮಗಳು ಎಲ್ಲ ಪರೀಕ್ಷೆಗಳಿಗೂ ಗುರುತು ಹಾಕಿ ಇಟ್ಟಿದ್ದಳು. ಇನ್ನೊಂದು ಸಲ ಒತ್ತಿದರೆ ನೂರ ನಲವತ್ಮೂರೂ ಹೋಗುತ್ತವೆ. "ಒತ್ಲಾ ಅಮ್ಮ?"

"ತಡಿ. ಪಾಸ್ ಆಗಿದ್ದು ಒಂದು ದೊಡ್ಡದು ಮಾಡಿ ತೋರ್ಸು. ಇವರ ಲೆಕ್ಕದಲ್ಲಿ ನಾನು ಹೆಂಗಿದ್ದೆ ಅಂತ ನೋಡ್ಬಿಡ್ತೀನಿ."

ನಲವತ್ತೇಳನೆಯದು ಪರದೆಯ ತುಂಬ ತೆರೆದುಕೊಂಡಿತು. ಮಗಳು ಕೆಳಗಿನ ಟಿಪ್ಪಣಿ ಓದಿದಳು: "ಕೆನ್ನೆ, ಹಳೆಯ ಇಟ್ಟಿಗೆಯ ಕೆಂಪು. ಇದ್ದ ಹಾಗೆಯೇ ಬಂದಿದೆ. ಪಾಸ್."

ಟೈಲರಕ್ಕ ಪರದೆಯ ಹತ್ತಿರ ಬಾಗಿದಳು. ಮೂವತ್ತೈದು ವರ್ಷ ಗಿರಾಕಿಗಳ ಹರಿದ ಕೋಟಿಗೆ, ಮಾಸಿದ ಪರದೆಗೆ, ತೋಳು ಕಿತ್ತ ಅಂಗಿಗೆ ಗುರುತು ಸಿಗದಂತೆ ದಾರ ಹೊಂದಿಸಿದವಳು. ಅವಳ ಹುಬ್ಬು ಗಂಟಾಯಿತು.

"ಇಟ್ಟಿಗೆ? ಯಾರ ಕೆನ್ನೆ ಇಟ್ಟಿಗೆ?"

"ಯಾಕಮ್ಮ?"

"ಇದು ನನ್ನ ಬಣ್ಣಾನೇ ಅಲ್ಲ."

ಅವಳು ತನ್ನ ಮೇಜಿನ ಖಾನೆ ಎಳೆದಳು. ಅಲ್ಲಿ ದಾರದ ಉಂಡೆಗಳು ನಂಬರಿನ ಪ್ರಕಾರ ಸಾಲಾಗಿ ಕೂತಿದ್ದವು. ನೋಡುವ ಅಗತ್ಯವೂ ಇಲ್ಲದಂತೆ ಬೆರಳು ಹೋಗಿ ಒಂದನ್ನು ಎತ್ತಿತು. ಮುಕ್ಕಾಲು ಖಾಲಿಯಾದ ಉಂಡೆ. ಕಪ್ಪಿಗೆ ಹತ್ತಿರದ, ನೀಲಿ ಕಲಸಿದ ಕೆಂಪು. "ಇನ್ನೂರ ಹದಿನೇಳು. ಇಪ್ಪತ್ತನೇ ವಯಸ್ಸಿಂದ ನನ್ನ ಶಾಲಿಗೆಲ್ಲ ಇದೇ ಅಂಚು. ಮುಖದ ಜೊತೆ ಬೆರೆತುಹೋಗ್ಲಿ ಅಂತ. ಎಷ್ಟು ಸಲ ಹಿಡಿದು ನೋಡಿಲ್ಲ ನಾನು."

ಅವಳು ಶಾಲು ಸರಿಸಿ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಉಂಡೆಯನ್ನು ಕೆನ್ನೆಗೆ ಒತ್ತಿಕೊಂಡಳು. ಮೂವರೂ ನೋಡಿದರು. ದಾರ ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಆಮೇಲೆ ಅದೇ ಉಂಡೆಯನ್ನು ಪರದೆಗೆ ಹಿಡಿದಳು. ಇಟ್ಟಿಗೆಯ ಗೋಡೆಯ ಮೇಲೆ ಯಾರೋ ಮಸಿ ಚೆಲ್ಲಿದ ಹಾಗಿತ್ತು.

ಎಕ್ಸ್‌ರೇ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಕಿತ್ತಳೆ ಸೇರ್ಕೊಂಡಿದೆ ಇದ್ರಲ್ಲಿ."

"ಬಸ್ ಸ್ಟ್ಯಾಂಡಿನ ಮಾಡು!" ಎಂದಳು ಟೈಲರಕ್ಕ. "ಕಿತ್ತಳೆ ಶೀಟು. ಅದರ ಕೆಳಗೆ ನಿಂತ್ರೆ ಯಾರ ಬಣ್ಣ ಸರಿ ಕಾಣುತ್ತೆ? ಕಂಬ ನೆಟ್ಟಗಿದೆಯಾ ಅಂತ ನೋಡಿದ್ರು, ಮೇಲೆ ನೋಡ್ಲಿಲ್ಲ."

"ಹಾಗಾದ್ರೆ..." ಪೋಸ್ಟ್‌ಮ್ಯಾನ್ ಕೂರಲು ಜಾಗ ಹುಡುಕಿದ. "ಪಾಸ್ ಆಗಿರೋ ನಲವತ್ತೊಂದು?"

"ಒಂದೆರಡು ಬಿಟ್ರೆ ಎಲ್ಲ ತಪ್ಪು ಕೆಂಪಿಗೇ ಪಾಸು. ಅಸಲಿ ಪಕ್ಕದ ಮೇಜಲ್ಲೇ ಇತ್ತು. ಒಂದು ಸಲ ಹಿಡಿದು ನೋಡ್ಬಹುದಿತ್ತು."

"ಹೆಂಗೆ ಹಿಡೀತಾರೆ ಅಮ್ಮ," ಎಂದಳು ಮಗಳು, ಪರದೆಯಿಂದ ಕಣ್ಣು ಕೀಳದೆ. "ನೀನು ತಿರುಗಿದ್ರೆ ತಾನೇ?"

 ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿತು. ಟೈಲರಕ್ಕ ಉಂಡೆಯನ್ನು ಅಂಗೈಯಲ್ಲಿ ಉರುಳಿಸುತ್ತ ನಿಂತಳು. ಕೆಟ್ಟ ಹೊಲಿಗೆ ಕೈಗೆ ಬಂದರೆ ಅವಳು ಹೀಗೇ ನಿಲ್ಲುತ್ತಿದ್ದಳು. ಬಿಚ್ಚುವುದೋ, ಮೇಲೆ ಇನ್ನೊಂದು ಸಾಲು ಹಾಕುವುದೋ ಎಂದು.

"ಆ ಗುರುತೆಲ್ಲ ತೆಗಿ," ಎಂದಳು ಕೊನೆಗೆ. "ಅಳಿಸಿದ್ರೆ ಓದಿದೋರ ತಲೇಲಿ ತಪ್ಪು ಹಾಗೇ ಉಳ್ಕೊಳುತ್ತೆ. ಇವರು ತಗೊಂಡಿದ್ದು ಕದ್ದು ತಗೊಂಡಿದ್ದು. ನಾನು ಕೊಡೋದು ಬೇರೆ. ಬೇರೆ ಫೋಟೋ ತೆಗೀರಿ."

"ಈಗ್ಲಾ?"

"ಬೆಳಕು ಇರೋವಾಗ."

*

ಮನೆಯ ಮುಂದೆ ಪಾದಚಾರಿ ದಾರಿಯಲ್ಲಿ ಬಂದವರಿಗೆಂದು ಕುರ್ಚಿ ಹಾಕಿದ್ದರು. ಟೈಲರಕ್ಕ ಒಂದನ್ನು ಎತ್ತಿ, ಮಾಡಿನ ನೆರಳಿನಿಂದ ಆಚೆ, ಬಿಸಿಲು ನೇರ ಬೀಳದ ಆದರೆ ಆಕಾಶ ಪೂರ್ತಿ ಕಾಣುವ ಜಾಗದಲ್ಲಿ ಇಟ್ಟು ಕೂತಳು. ಬಣ್ಣ ನೋಡಬೇಕೆಂದಾಗ ಗಿರಾಕಿಗಳನ್ನು ಅವಳು ಕರೆದೊಯ್ಯುತ್ತಿದ್ದ ಜಾಗ ಅದೇ. ಶಾಲು ತೆಗೆದು ತೊಡೆಯ ಮೇಲಿಟ್ಟಳು. ಕೂದಲನ್ನು ಎಡಗಿವಿಯ ಹಿಂದೆ ಸೇರಿಸಿ ಎರಡು ಪಿನ್ನು ಚುಚ್ಚಿದಳು.

ಬೀದಿಯವರೆಲ್ಲ ತಿರುಗಿ ನೋಡಿದರು. ಮೂವತ್ತು ವರ್ಷದಿಂದ ಪಕ್ಕದ ಮನೆಯಲ್ಲಿದ್ದವರು ಕೂಡ ಅವಳ ಎಡಗೆನ್ನೆಯನ್ನು ಹೀಗೆ ಹಗಲಿನಲ್ಲಿ ನೋಡಿರಲಿಲ್ಲ.

ಮೈದುನ ಓಡಿಬಂದ. "ಅತ್ತಿಗೆ, ಇದೇನಿದು? ಅಣ್ಣ ಒಳಗೆ ಮಲಗಿದ್ದಾನೆ, ನೀವು ಹೊರಗೆ ಕೂತು ಫೋಟೋ ತೆಗೆಸ್ಕೊಳ್ತಿದ್ದೀರಾ? ಜನ ಏನಂತಾರೆ?"

"ನಿಮ್ಮಣ್ಣ ಹದಿನಾರು ವರ್ಷ ಊರಿಗೆಲ್ಲ ತೋರ್ಸಿದ್ದಾರೆ. ಜನ ಏನಂದ್ರು ಅಂತ ಒಳಗೆ ಹೋಗಿ ಅವರನ್ನೇ ಕೇಳು."

"ಅತ್ತಿಗೆ!"

"ಪಕ್ಕಕ್ಕೆ ಸರಿ. ನಿನ್ನ ನೆರಳು ಬೀಳ್ತಿದೆ."

ಮೈದುನ ಸರಿದ. ಇದು ದುಃಖದ ಭರವೋ, ಬುದ್ಧಿ ಕದಡಿದ್ದೋ ಎಂದು ತಿಳಿಯದೆ ಮಗಳ ಮುಖ ನೋಡಿದ. ಮಗಳು ತನ್ನ ಹೊಸ ಫೋನು ಎತ್ತಿ ಒಂದು ತೆಗೆದಳು. ತೆಗೆದದ್ದನ್ನು ನೋಡಿ ಫೋನನ್ನು ಕೆಳಗಿಳಿಸಿದಳು.

"ಎಲ್ಲಿ, ಕೊಡು." ಟೈಲರಕ್ಕ ನೋಡಿದಳು. ತೊಳೆದಿಟ್ಟ ತಟ್ಟೆಯಂಥ ಮುಖ. ಮಚ್ಚೆಯೂ ಇಲ್ಲ, ಸುಕ್ಕೂ ಇಲ್ಲ. ಫೋನು ಯಾರನ್ನೂ ಕೇಳದೆ ಒರೆಸಿತ್ತು. "ಯಾರೇ ಇವ್ಳು? ನನ್ನ ತಂಗೀನಾ?"

"ಫೇಲ್," ಎಂದ ಪೋಸ್ಟ್‌ಮ್ಯಾನ್, ಬಾಯಿ ಜಾರಿ.

"ಅಪ್ಪನ ಕ್ಯಾಮೆರಾ ತಾ," ಎಂದಳು ಟೈಲರಕ್ಕ. ಅದು ಬಂತು. ಯಾರು ತೆಗೆಯುವುದೆಂದು ಒಂದು ಕ್ಷಣ ಎಲ್ಲರೂ ನೋಡಿಕೊಂಡರು. ಎಕ್ಸ್‌ರೇ ಹೆಂಗಸು ಕೈ ಚಾಚಿದಳು. ಅವಳ ಕೈ ನಡುಗುವುದಿಲ್ಲ. ಮೂಳೆ ಮುರಿದು ಅರಚುವವರ ನಡುವೆ ಇಪ್ಪತ್ತು ವರ್ಷ ನಿಂತ ಕೈ ಅದು.

ಟೈಲರಕ್ಕ ದಾರದ ಉಂಡೆಯನ್ನು ದವಡೆಯ ಪಕ್ಕ, ನಂಬರು ಮುಂದೆ ಕಾಣುವಂತೆ ಹಿಡಿದಳು. ಕಣ್ಣು ನೇರ ಮುಂದಕ್ಕೆ. 

"ಅಲ್ಲಾಡ್ಬೇಡಿ," ಎಂದಳು ಎಕ್ಸ್‌ರೇ ಹೆಂಗಸು. ಆಮೇಲೆ ಅಭ್ಯಾಸಬಲದಿಂದ, "ಉಸಿರು ತಗೊಳ್ಳಿ. ಹಿಡ್ಕೊಳ್ಳಿ."

ಟೈಲರಕ್ಕ ಹಿಡಿದಳು. ಕುರ್ಚಿಗಳಲ್ಲಿ ಕೂತಿದ್ದವರೂ ತಿಳಿಯದೆಯೇ ಹಿಡಿದರು.

"ಬಿಡಿ."

ಬೀದಿಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು. ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು.

ಹಿಂದಿನ ಕೋಣೆಯಲ್ಲಿ ಮಗಳು ಟೈಪ್ ಮಾಡಿದಳು, ಟೈಲರಕ್ಕ ಹಿಂದೆ ನಿಂತು ಹೇಳಿದಳು. ಒಂದು ಪದ ಹೇಳಿ ಬೇಡವೆನ್ನುವಳು, ಇನ್ನೊಂದು ಹೇಳುವಳು. ಮೈದುನ ಎರಡು ಸಲ ಬಾಗಿಲಿಗೆ ಬಂದು ಗಡಿಯಾರ ತೋರಿಸಿ ಹೋದ. ಕೊನೆಗೆ ನಿಂತದ್ದು ಇಷ್ಟು:

"ಚಿತ್ರದಲ್ಲಿರುವುದು ನಾನು, ಪಕ್ಕದ ಮೇಜಿನವಳು. ಈ ಸೈಟ್ ನಡೆಸುತ್ತಿದ್ದವರು ನಿನ್ನೆ ತೀರಿಕೊಂಡರು. ಅವರು ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಹಳೆಯ ಪರೀಕ್ಷಾ ಚಿತ್ರದ ಕೆಂಪು ತಪ್ಪು. ಬಸ್ ನಿಲ್ದಾಣದ ಮಾಡಿನ ಬಣ್ಣ ಅದರಲ್ಲಿ ಬೆರೆತಿದೆ. ಪಾಸಾದ ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಬೇಕು. ಇದು ಹೊಸ ಚಿತ್ರ, ನಾನೇ ಕೂತು ತೆಗೆಸಿದ್ದು. ಪಕ್ಕದಲ್ಲಿರುವುದು ಇನ್ನೂರ ಹದಿನೇಳನೆಯ ನಂಬರಿನ ದಾರ. ದಾರವೂ ಕೆನ್ನೆಯೂ ಒಂದೇ ಬಣ್ಣ ಕಾಣದಿದ್ದರೆ ಫೇಲ್."

"ಮತ್ತೆ ಪರೀಕ್ಷೆ ಮಾಡೋರು ಯಾರಮ್ಮ?" ಎಂದು ಮಗಳು ಕೇಳಿದಳು.

"ಇಪ್ಪತ್ತು ನಾನು ಮಾಡ್ತೀನಿ," ಎಂದ ಪೋಸ್ಟ್‌ಮ್ಯಾನ್.

"ಉಳಿದದ್ದು ನಂಗೆ," ಎಂದಳು ಎಕ್ಸ್‌ರೇ ಹೆಂಗಸು.

"ಮಾಡಿ ಇಲ್ಲಿಗೆ ತಂದು ತೋರಿಸ್ಬೇಕು. ನಾನು ದಾರ ಹಿಡಿದು ನೋಡ್ದೆ ಯಾವುದೂ ಪಾಸಿಲ್ಲ. ಭಾನುವಾರ ಬನ್ನಿ. ಕುರ್ಚಿ ಖಾಲಿ ಇದೆ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಒಂದು ಸಲ ಮೆಲ್ಲಗೆ ಹಾರನ್ ಮಾಡಿದರು.

"ಒತ್ತಿದ್ರೆ ಹೆಸರು ಕೊಟ್ಟಿರೋ ಓದುಗರಿಗೆಲ್ಲ ಫೋಟೋ ಸಮೇತ ಹೋಗುತ್ತೆ," ಎಂದಳು ಮಗಳು. "ಇನ್ನೂರ ಹನ್ನೆರಡು ಜನ. ಹೋದ್ಮೇಲೆ ವಾಪಸ್ ತಗೊಳಕ್ಕೆ ಆಗಲ್ಲ."

ಟೈಲರಕ್ಕ ಮಗಳ ಕೈ ಸರಿಸಿ, ಯಾವುದನ್ನು ಒತ್ತಬೇಕೆಂದು ಕೇಳಿ, ತಾನೇ ಒತ್ತಿದಳು. ಹೊಲಿಗೆ ಯಂತ್ರದ ಚಕ್ರ ನಿಲ್ಲಿಸುವಾಗ ಒತ್ತುವಂತೆ, ಗಟ್ಟಿಯಾಗಿ.

ಪೆಟ್ಟಿಗೆ ಎತ್ತಲು ಆರು ಜನ ಬೇಕು ಎಂದು ಮೈದುನ ಕರೆದ. ಪೋಸ್ಟ್‌ಮ್ಯಾನ್ ಮುಂದಿನ ಮೂಲೆಗೆ ಹೋದ. ಎಕ್ಸ್‌ರೇ ಹೆಂಗಸು ಕೇಳದೆಯೇ ನಡುವೆ ಸೇರಿಕೊಂಡಳು. ಗೇಟಿನ ಹತ್ತಿರ ಮೂಲೆ ತಿರುಗಿಸುವುದು ಕಷ್ಟವಾಯಿತು. "ಎತ್ತಿ, ಎತ್ತಿ, ಎಡಕ್ಕೆ," ಎಂದು ಮೈದುನ ಉಸಿರು ಕಟ್ಟಿ ಹೇಳುತ್ತಿದ್ದ. ಟೈಲರಕ್ಕ ಪೆಟ್ಟಿಗೆಯ ಪಕ್ಕದಲ್ಲಿ ಕೈ ತಾಗಿಸಿಕೊಂಡು ನಡೆದಳು.

ಆಗ ಎಲ್ಲೋ ಒಂದು ಸಣ್ಣ ಗಂಟೆ ಬಾರಿಸಿದಂತಾಯಿತು. ಇನ್ನೊಂದು. ಹಿಂದಿನಿಂದ ಎರಡು ಒಟ್ಟಿಗೆ. ಪಾದಚಾರಿ ದಾರಿಯಲ್ಲಿ ತಲೆಬಾಗಿ ನಿಂತಿದ್ದ, ಯಾರೆಂದು ಅವಳಿಗೆ ಗೊತ್ತಿಲ್ಲದ ನಾಲ್ಕಾರು ಜನರ ಚೀಲಗಳಿಂದ, ಜೇಬುಗಳಿಂದ ಒಂದಾದ ಮೇಲೊಂದು. ಹೊತ್ತವರ ಎರಡೂ ಕೈ ಪೆಟ್ಟಿಗೆಯ ಅಡಿಯಲ್ಲಿದ್ದವು. ಪೋಸ್ಟ್‌ಮ್ಯಾನ್ ಹಲ್ಲು ಕಚ್ಚಿ ಮುಂದೆ ನೋಡುತ್ತಿದ್ದ. ಅವನ ಎದೆಯ ಮೇಲೆ, ತೊಳೆದು ತೊಳೆದು ತೆಳುವಾದ ಬಿಳಿ ಜೇಬಿನ ಬಟ್ಟೆಯೊಳಗೆ, ಫೋನಿನ ಪರದೆ ಬೆಳಗಿತ್ತು. ಬೆರಳಗಲದ ಒಂದು ಮುಖ, ಅದರ ಪಕ್ಕ ಒಂದು ದಾರದ ಉಂಡೆ. ಎರಡೂ ಒಂದೇ ಕೆಂಪು.